ಅಪ್ಪನ ಅರವತ್ತು, ಮಗಳ ಹತ್ತು: ಇಮ್ಯಾಜಿಕಾದಲ್ಲಿ ಒಂದೇ ದಿನ ಹೇಗೆ ಹೊಂದಿಸೋದು?

ನಿಗಡಿ ನಿವಾಸಿ (ಪುಣೆ)

ಅಪ್ಪನಿಗೆ ಅರವತ್ತು ತುಂಬುತ್ತೆ, ಅದೇ ವಾರ ಮಗಳಿಗೆ ಹತ್ತು. ಶಾಂತಿ, ಹೋಮ, ನೆಂಟರ ಊಟ ಎಲ್ಲ ಊರಲ್ಲೇ ಆಗುತ್ತೆ, ಅದರ ಚಿಂತೆ ಇಲ್ಲ. ಅದಾದ ಮೇಲೆ ಮನೆಮಂದಿಯಷ್ಟೇ ಒಂದು ದಿನ ಖೋಪೋಲಿಯ ಥೀಮ್ ಪಾರ್ಕ್ ಇಮ್ಯಾಜಿಕಾಗೆ ಹೋಗೋಣ ಅಂತ. ಅಪ್ಪನಿಗೆ ಮೊದಲಿಂದಲೂ ಗೋರಾಯಿಯ ಎಸ್ಸೆಲ್‌ವರ್ಲ್ಡ್ ಅಂದರೆ ಪ್ರಾಣ, ಆದರೆ 1989ರಲ್ಲಿ ಶುರುವಾದ ಆ ಪಾರ್ಕು 2022ರಲ್ಲಿ ಮುಚ್ಚಿಹೋಯಿತಲ್ಲ. ಮಗಳಿಗೆ ಮಾತ್ರ ಬೇಕಿರೋದು ಒಂದೇ: ನೈಟ್ರೋ. ಹತ್ತು ತುಂಬಿದ ಮೇಲೆ ಮೊದಲ ದೊಡ್ಡ ರೋಲರ್ ಕೋಸ್ಟರ್ ಅಂತ ಈಗಾಗಲೇ ಘೋಷಿಸಿಬಿಟ್ಟಿದ್ದಾಳೆ.

ಒಟ್ಟು ಆರು ಜನ. ಅಪ್ಪನಿಗೆ ಬಿಪಿ ಇದೆ, ಮಾತ್ರೆಯಲ್ಲಿ ಹಿಡಿತದಲ್ಲಿದೆ. ಅಮ್ಮನಿಗೆ ಮಂಡಿನೋವು. ಮಗಳ ಎತ್ತರ ಪಾರ್ಕಿನ ಮಿತಿಗೆ ಸರಿಯಾಗಿ ಗೆರೆಯ ಮೇಲಿದೆ, ಅರ್ಧ ಸೆಂಟಿಮೀಟರ್ ಆಚೆ ಈಚೆ. ಡಿಸೆಂಬರ್ ಎರಡನೇ ವಾರ ಅಂದುಕೊಂಡಿದ್ದೇವೆ.

ತಿಳಿಯಬೇಕಿರೋದು: ಎತ್ತರದ ಗೆರೆ ದಾಟಿಸೋಕೆ ಏನು ಮಾಡಬಹುದು, ಅಪ್ಪ ಅಮ್ಮ ಸುಮ್ಮನೆ ಬೆಂಚಿನ ಮೇಲೆ ಕೂರದ ಹಾಗೆ ಯಾವ ರೈಡು ಇಡಬೇಕು, ಕೇಕ್ ಒಳಗೆ ಕತ್ತರಿಸಬಹುದಾ, ಇಡೀ ದಿನವನ್ನು ಯಾವ ಕ್ರಮದಲ್ಲಿ ಹೊಂದಿಸಬೇಕು. ಅನುಭವಸ್ಥರು ಬಿಡಿಸಿ ಹೇಳಿ.

ಕೋಸ್ಟರ್ ಕಟ್ಟೆ (ಠಾಣೆ)

ಎತ್ತರದಿಂದಲೇ ಶುರು ಮಾಡ್ತೀನಿ, ಏಕೆಂದರೆ ಮಗುವಿನ ದಿನ ನಿಂತಿರೋದೇ ಅದರ ಮೇಲೆ.

ಮನುಷ್ಯನ ಎತ್ತರ ಬೆಳಿಗ್ಗೆ ಎದ್ದಾಗ ಹೆಚ್ಚು, ಸಂಜೆಗೆ ಕಡಿಮೆ. ದಿನವಿಡೀ ನಿಂತು ನಡೆದು ಬೆನ್ನುಮೂಳೆಯ ನಡುವಿನ ಮೆತ್ತೆಗಳು ಒತ್ತಿಹೋಗಿ ಒಂದು ಸೆಂಟಿಮೀಟರಿನಷ್ಟು ವ್ಯತ್ಯಾಸ ಬರುತ್ತೆ. ಎದ್ದ ಮೊದಲ ಕೆಲವು ಗಂಟೆಯಲ್ಲೇ ಅದರ ಬಹುಪಾಲು ಹೋಗಿಬಿಡುತ್ತೆ. ಹಾಗಾಗಿ ಗೆರೆಯ ಮೇಲಿರುವ ಮಗುವನ್ನು ಗೇಟು ತೆರೆದ ಕೂಡಲೇ ಅಳತೆಗೋಲಿನ ಹತ್ತಿರ ನಿಲ್ಲಿಸಬೇಕು, ಸಂಜೆ ಆರಕ್ಕಲ್ಲ. ಮನೆಯಲ್ಲಿ ಅಳೆಯುವಾಗ ಬರಿಗಾಲು, ಹಿಮ್ಮಡಿ ಗೋಡೆಗೆ ತಾಗಿರಬೇಕು, ನೋಟ ನೇರ, ತಲೆಯ ಮೇಲೆ ಗಟ್ಟಿ ಪುಸ್ತಕ ಗೋಡೆಗೆ ಲಂಬವಾಗಿ. ಜುಟ್ಟು, ಕ್ಲಿಪ್ಪು, ಎತ್ತರದ ಪೋನಿಟೇಲ್ ಬೇಡ, ಅದನ್ನು ಒತ್ತಿಯೇ ಅಳೆಯುತ್ತಾರೆ.

ಬೂಟಿನೊಳಗೆ ದಪ್ಪ ಅಟ್ಟೆ ತುರುಕುವ ಉಪಾಯವನ್ನು ದಯವಿಟ್ಟು ಯಾರೂ ಹೇಳಬೇಡಿ. ಮಿತಿ ಇರೋದು ಕಾಲಿಗಲ್ಲ, ಭುಜಕ್ಕೆ. ನೈಟ್ರೋದಲ್ಲಿ ಹಿಡಿದಿಡೋದು ಭುಜದ ಮೇಲಿಂದ ಇಳಿಯುವ ಹಾರ್ನೆಸ್. ಕೂತಾಗ ಭುಜ ತಗ್ಗಿದ್ದರೆ ಹಾರ್ನೆಸ್ಸಿಗೂ ಭುಜಕ್ಕೂ ನಡುವೆ ಸಂದು ಉಳಿಯುತ್ತೆ, ತಲೆಕೆಳಗಾದಾಗ ಮೈ ಆ ಸಂದಿನಷ್ಟು ಜಾರುತ್ತೆ, ಪಕ್ಕಕ್ಕೆ ವಾಲಿದಾಗ ಕಿವಿ ಕೆನ್ನೆಗೆ ಪೆಟ್ಟು ಬೀಳುತ್ತೆ. ಗೆರೆ ದಾಟಿಯೂ ಹಾರ್ನೆಸ್ ಸರಿಯಾಗಿ ಕೂರದಿದ್ದರೆ ಸಿಬ್ಬಂದಿ ಇಳಿಸಬಹುದು, ಇಳಿಸಬೇಕು ಕೂಡ. ಇದನ್ನು ಮಗಳಿಗೆ ಮೊದಲೇ ಹೇಳಿಡಿ. ಎಲ್ಲರೆದುರು ಸೀಟಿನಿಂದ ಇಳಿಯೋದು ಹತ್ತು ವರ್ಷದ ಮಗುವಿಗೆ ದೊಡ್ಡ ವಿಷಯ.

ನೈಟ್ರೋ ಬಗ್ಗೆ ಅವಳಿಗೆ ಗೊತ್ತಿರಬೇಕಾದ್ದು: ಸ್ವಿಟ್ಜರ್ಲೆಂಡಿನ ಬೋಲಿಗರ್ ಅಂಡ್ ಮ್ಯಾಬಿಲಾರ್ ಕಟ್ಟಿದ ಫ್ಲೋರ್‌ಲೆಸ್ ಕೋಸ್ಟರ್, 2013ರಿಂದ ಓಡ್ತಿದೆ. ಸುಮಾರು 40 ಮೀಟರ್ ಎತ್ತರ, ಗಂಟೆಗೆ ಸುಮಾರು 105 ಕಿಲೋಮೀಟರ್ ವೇಗ, ಐದು ಸಲ ತಲೆಕೆಳಗು. ಒಂದು ಸಾಲಿಗೆ ನಾಲ್ಕು ಸೀಟು. ಎಲ್ಲರೂ ಕೂತ ಮೇಲೆ ಸ್ಟೇಷನ್ನಿನ ನೆಲವೇ ಕೆಳಕ್ಕೆ ಸರಿಯುತ್ತೆ, ಕಾಲು ಗಾಳಿಯಲ್ಲಿ ತೂಗಾಡುತ್ತೆ. ಮೊದಲ ಸಲದವರು ಬೆದರೋದು ಬಹುಪಾಲು ಆ ಕ್ಷಣದಲ್ಲೇ, ಲೂಪಿನಲ್ಲಲ್ಲ. ಚಪ್ಪಲಿ, ಸಡಿಲ ಸ್ಯಾಂಡಲ್ ಹಾಕಿಕೊಂಡು ಬಂದರೆ ಬಿಚ್ಚಿಸುತ್ತಾರೆ. ಲೇಸು ಕಟ್ಟಿದ ಬೂಟೇ ಸರಿ.

ಮೇಲಕ್ಕೆ ಏರುವಾಗ ಟಕ್ ಟಕ್ ಸದ್ದು ಬರುತ್ತೆ, ಏನೋ ಮುರೀತಿದೆ ಅಂತ ಮಕ್ಕಳು ಹೆದರ್ತಾರೆ. ಸರಪಳಿ ಕಡಿದರೂ ರೈಲು ಹಿಂದಕ್ಕೆ ಜಾರದಂತೆ ಹಲ್ಲಿನ ಮೇಲೆ ಹಲ್ಲು ಕಚ್ಚಿಕೊಂಡು ಹೋಗುವ ಕೊಂಡಿಯ ಸದ್ದು ಅದು. ಸದ್ದು ಬಂದಷ್ಟೂ ಒಳ್ಳೆಯದು ಅಂತ ಹೇಳಿಕೊಡಿ.

ಸಾಲು ಯಾವುದು ಅನ್ನೋದರಲ್ಲೂ ವ್ಯತ್ಯಾಸ ಇದೆ. ಕೊನೆಯ ಸಾಲು ಬೇಡ. ರೈಲಿನ ಮುಂಭಾಗ ಇಳಿಜಾರಿನಲ್ಲಿ ಆಗಲೇ ವೇಗ ಹಿಡಿದಿರುತ್ತೆ, ಹಿಂದಿನವರನ್ನು ತುದಿಯ ಮೇಲಿಂದ ಎಳೆದು ಬಿಸಾಕಿದ ಹಾಗೆ ಒಯ್ಯುತ್ತೆ. ಆ ತೇಲುವಿಕೆಗಾಗಿಯೇ ಹಿಂದಿನ ಸಾಲಿಗೆ ಕಾಯುವವರಿದ್ದಾರೆ, ಆದರೆ ಮೊದಲ ಸಲಕ್ಕೆ ಹೆಚ್ಚಾಯಿತು. ಮೊದಲ ಸಾಲಲ್ಲಿ ಮುಂದೇನು ಬರ್ತಿದೆ ಅಂತ ಕಣ್ಣಿಗೆ ಕಾಣುತ್ತೆ, ಮೈ ಅದಕ್ಕೆ ಸಿದ್ಧವಾಗುತ್ತೆ, ಆದರೆ ತುದಿಯಲ್ಲಿ ಒಂದು ಗಳಿಗೆ ನೇತಾಡಬೇಕು. ನಡುವಿನ ಸಾಲು ಎರಡಕ್ಕೂ ಮಧ್ಯಮ. ತಲೆಯನ್ನು ಹಿಂದಿನ ಆಸರೆಗೆ ಒತ್ತಿ, ಕಣ್ಣು ತೆರೆದು, ಹಳಿಯನ್ನೇ ನೋಡಬೇಕು. ಕಣ್ಣು ಮುಚ್ಚಿದರೆ ತಿರುವು ಯಾವ ಕಡೆ ಅಂತ ಕುತ್ತಿಗೆಗೆ ಗೊತ್ತಾಗಲ್ಲ, ಆಮೇಲೆ ಎರಡು ದಿನ ನೋವು.

ಆದರೆ ನೇರವಾಗಿ ನೈಟ್ರೋಗೆ ಓಡಿಸಬೇಡಿ. ಮೊದಲು ಗೋಲ್ಡ್ ರಷ್ ಎಕ್ಸ್‌ಪ್ರೆಸ್, ಅದು ಕುಟುಂಬದ ಕೋಸ್ಟರ್, ತಲೆಕೆಳಗಿಲ್ಲ. ಆಮೇಲೆ ನೈಟ್ರೋ. ಡೀಪ್ ಸ್ಪೇಸ್ ಕತ್ತಲಲ್ಲಿ ಓಡುವ ಒಳಾಂಗಣ ಕೋಸ್ಟರ್, ಅದನ್ನು ಮಧ್ಯಾಹ್ನದ ಬಿಸಿಲಿಗೆ ಎತ್ತಿಡಿ. ನೀವು ನಿಗಡಿಯವರೇ ಆದ್ದರಿಂದ ಅದಕ್ಕೂ ಮೊದಲು ಒಂದು ಭಾನುವಾರ ಅಲ್ಲೇ ಇರೋ ಅಮ್ಯೂಸ್‌ಮೆಂಟ್ ಪಾರ್ಕ್ ಅಪ್ಪು ಘರ್‌ಗೆ ಕರೆದುಕೊಂಡು ಹೋದರೆ ಹೊಟ್ಟೆಯಲ್ಲಿ ಚಿಟ್ಟೆ ಹಾರೋದು ಹೇಗಿರುತ್ತೆ ಅಂತ ಅವಳಿಗೆ ಪರಿಚಯವಾಗುತ್ತೆ.

ಡೊಂಬಿವಲಿ ಲೋಕಲ್

ಡಿಸೆಂಬರ್ ಎರಡನೇ ವಾರ ಅಂದಿರಿ. ಹವೆ ಚೆನ್ನಾಗಿರುತ್ತೆ, ನಿಜ. ಆದರೆ ವಾರದ ನಡುವೆ ಖಾಲಿ ಇರುತ್ತೆ ಅಂತ ನಂಬಬೇಡಿ. ಡಿಸೆಂಬರ್, ಜನವರಿ ಅಂದರೆ ಮುಂಬಯಿ, ಪುಣೆ, ನಾಸಿಕದ ಶಾಲೆಗಳ ಪಿಕ್ನಿಕ್ ಕಾಲ. ಹತ್ತು ಬಸ್ಸು ಒಟ್ಟಿಗೆ ಬಂದು ನಿಂತರೆ ಮಂಗಳವಾರವೂ ಭಾನುವಾರವೇ. ಬುಕ್ ಮಾಡುವ ಮುಂಚೆ ಪಾರ್ಕಿಗೆ ಫೋನ್ ಮಾಡಿ ಎರಡು ಪ್ರಶ್ನೆ ಕೇಳಿ: ಆ ದಿನ ಶಾಲೆಗಳ ದೊಡ್ಡ ಬುಕ್ಕಿಂಗ್ ಇದೆಯಾ, ನೈಟ್ರೋ ನಿರ್ವಹಣೆಗೆ ನಿಂತಿರುತ್ತಾ. ಎರಡನೆಯದು ಕೇಳದೆ ಹೋಗಿ ಅಳುವ ಮಗುವಿನೊಂದಿಗೆ ವಾಪಸಾದವರು ಬಹಳ. ದೊಡ್ಡ ಕೋಸ್ಟರಿಗೆ ವರ್ಷಕ್ಕೊಮ್ಮೆ ರೈಲು ಬಿಚ್ಚಿ ಚಕ್ರ, ಬೇರಿಂಗ್, ಬೆಸುಗೆ ಎಲ್ಲ ತಪಾಸಣೆ ಆಗಬೇಕು, ಅದು ಕೆಲವು ವಾರ ಹಿಡಿಯುತ್ತೆ.

ಕ್ಯೂ ಎಷ್ಟಿದೆ ಅಂತ ಉದ್ದ ನೋಡಿ ಅಳೆಯಬೇಡಿ, ರೈಲು ಎಷ್ಟು ಹೊತ್ತಿಗೊಮ್ಮೆ ಹೊರಡ್ತಿದೆ ನೋಡಿ. ಒಂದು ರೈಲಿಗೆ 20 ಜನ, ಮೂರು ನಿಮಿಷಕ್ಕೊಂದು ಹೊರಟರೆ ಗಂಟೆಗೆ 400. ನಿಮ್ಮ ಮುಂದೆ 200 ಜನ ಇದ್ದರೆ ಅರ್ಧ ಗಂಟೆ. ಅದೇ ಒಂದೇ ರೈಲು ಆರು ನಿಮಿಷಕ್ಕೊಂದು ಓಡಿಸಿದರೆ ಅಷ್ಟೇ ಉದ್ದದ ಕ್ಯೂಗೆ ಒಂದು ಗಂಟೆ. ಗಡಿಯಾರ ಹಿಡಿದು ಎರಡು ರೈಲು ಹೋಗೋದನ್ನು ನೋಡಿದರೆ ಗೊತ್ತಾಗಿಬಿಡುತ್ತೆ, ಕ್ಯೂ ಬೇಗ ದಾಟಿಸುವ ಎಕ್ಸ್‌ಪ್ರೆಸ್ ಟಿಕೆಟ್ಟಿಗೆ ದುಡ್ಡು ಹಾಕಬೇಕೋ ಬೇಡವೋ ಅಂತ. ಆ ಟಿಕೆಟ್ಟು ತಗೊಂಡರೆ ಒಂದು ರೈಡಿಗೆ ಎಷ್ಟು ಸಲ ಅನ್ನೋ ಷರತ್ತನ್ನು ಓದಿಕೊಳ್ಳಿ.

ಕೋಸ್ಟರ್ ನಡುವೆ ನಿಂತರೆ ಗಾಬರಿ ಬೇಡ. ಹಳಿಯನ್ನು ಬ್ಲಾಕುಗಳಾಗಿ ಹಂಚಿರ್ತಾರೆ, ನಮ್ಮ ಲೋಕಲ್ ಟ್ರೇನಿನ ಸಿಗ್ನಲ್ಲಿನಂತೆ ಒಂದು ಬ್ಲಾಕಿನಲ್ಲಿ ಒಂದೇ ರೈಲು. ಸ್ಟೇಷನ್ನಿನಲ್ಲಿ ಯಾರೋ ಹಾರ್ನೆಸ್ ಎಳೆದುಕೊಳ್ಳೋಕೆ ತಡ ಮಾಡಿದರೆ ಹಿಂದಿನ ರೈಲು ಮೇಲಕ್ಕೆ ಎಳೆಯುವ ಏರಿನಲ್ಲೋ ಬ್ರೇಕಿನಲ್ಲೋ ತಾನಾಗಿ ನಿಲ್ಲುತ್ತೆ. ಕೆಟ್ಟಿದೆ ಅಂತಲ್ಲ.

ರಸ್ತೆ: ಪುಣೆಯಿಂದ ನೀವು ಘಾಟು ಇಳಿದು ಬರಬೇಕು. ವಾರಾಂತ್ಯದ ಬೆಳಿಗ್ಗೆ ಮುಂಬಯಿಯವರು ಲೋಣಾವಳಕ್ಕೆ ಹತ್ತುತ್ತಿರುತ್ತಾರೆ, ನಿಮ್ಮದು ಇಳಿಯುವ ದಿಕ್ಕು, ಬಚಾವು. ಆದರೆ ಶುಕ್ರವಾರ, ಶನಿವಾರ ಸಂಜೆ ಖಂಡಾಳಾ ಘಾಟು ಹತ್ತೋದು ಕಷ್ಟ. ಭಾನುವಾರ ಸಂಜೆ ಉಲ್ಟಾ, ಮುಂಬಯಿ ಕಡೆಯ ಸಾಲು ಖಾಲಾಪುರ ಟೋಲಿನವರೆಗೂ ನಿಲ್ಲುತ್ತೆ. ರೈಲಿನಲ್ಲಿ ಬರುವವರಿದ್ದರೆ ಕರ್ಜತ್‌ನಿಂದ ಖೋಪೋಲಿಗೆ ಲೋಕಲ್ ಇದೆ, ಆದರೆ ಅದು ಕವಲು ಹಳಿ, ಗಾಡಿ ಕಡಿಮೆ, ಒಂದು ತಪ್ಪಿದರೆ ಬಹಳ ಹೊತ್ತು ಕಾಯಬೇಕು. ಖೋಪೋಲಿಯಿಂದ ಮುಂದೆ ಪಾಲಿ ರಸ್ತೆಗೆ ರಿಕ್ಷಾ.

ಕೊಥ್ರೂಡ್ ಕಟ್ಟಿಮನಿ

ಹಿರಿಯರ ಬಗ್ಗೆ ಯಾರೂ ಬಾಯಿ ಬಿಟ್ಟಿಲ್ಲ, ನಾ ಹೇಳ್ತೀನಿ. ಖರೇ ಅಂದ್ರ ಇಡೀ ದಿನ ಕೆಡೋದು ಅಲ್ಲೇ. ಹುಡುಗರು ಕ್ಯೂದಾಗ ನಿಂತಿರ್ತಾರ, ಅರವತ್ತರ ಹಬ್ಬದ ಮನಷ್ಯಾ ಬ್ಯಾಗ್ ಕಾಯಕೋತ ಕೂತಿರ್ತಾನ. ಹಂಗ ಆಗಬಾರದು.

ಬಿಪಿ ಇದ್ದವರು ನೈಟ್ರೋ, ಮ್ಯಾಲಿಂದ ಕೆಳಗ ಬೀಳಸೂ ಡಿ2 ಡೇರ್ ಡ್ರಾಪ್, ಜೋಲಿ ಹಂಗ ತೂಗೂ ಸ್ಕ್ರೀಮ್ ಮಷಿನ್ ಈ ಮೂರರ ಹತ್ರ ಹೋಗೋದು ಬ್ಯಾಡ. ಗುಳಿಗೆ ತಗೊಂಡು ಹಿಡಿತದಾಗ ಇದ್ರೂ ಬ್ಯಾಡ. ವೇಗದಾಗ ಲೂಪಿನ ತಳಕ್ಕ ಬಂದಾಗ ರಕ್ತ ಕಾಲಿಗೆ ಇಳೀತದ, ಮ್ಯಾಲೆ ತೇಲಿದಾಗ ತಲಿಗೆ ಏರ್ತದ, ಕೆಲವು ಬಿಪಿ ಗುಳಿಗಿ ತಗೊಂಡವರಿಗೆ ಆ ಏರುಪೇರು ತಡಕೊಳ್ಳೂ ಶಕ್ತಿ ಕಡಿಮಿ ಇರ್ತದ, ಕಣ್ಣು ಕತ್ತಲಿ ಬರ್ತಾವ. ಈಚೆಗೆ ಕಣ್ಣಿನ ಪೊರೆ ಆಪರೇಷನ್ ಆಗಿದ್ರೂ ಇದೇ ಮಾತು. ಉಳಿದ ರೈಡಿಗೆ ಬಾಗಲದಾಗಿನ ಫಲಕ ಓದ್ರಿ, ಹೋಗೂ ಮುಂಚೆ ಡಾಕ್ಟರ್‌ಗೆ ಒಂದು ಮಾತು ಕೇಳ್ರಿ.

ಅವರಿಗೆ ಏನು ಅದ ಅಂದ್ರ, ಭಾಳ ಅದ. ಐ ಫಾರ್ ಇಂಡಿಯಾ ಅಂತ ಹಾರೂ ರಂಗಮಂದಿರ, ಕೂತಲ್ಲೇ ಕಾಲು ಇಳಿಬಿಟ್ಟು ಇಡೀ ದೇಶದ ಮ್ಯಾಲೆ ಹಾರಿದಂಗ. ಮಿಸ್ಟರ್ ಇಂಡಿಯಾ ರೈಡು ಅದ, ಅದು ಕುರ್ಚಿ ಅಲುಗಾಡೂ ಸಿಮ್ಯುಲೇಟರ್, ಸೊಂಟದ ನೋವು ಇದ್ರ ಬಿಡ್ರಿ. ರ‍್ಯಾತ್ ಆಫ್ ದ ಗಾಡ್ಸ್ ನಿಂತು ನೋಡೂ ಪ್ರದರ್ಶನ. ಸಂಜಿಗೆ ಮೆರವಣಿಗಿ ಅದ, ನಿಮ್ಮ ತಾಯಿಯವರಿಗೆ ಅರ್ಧ ತಾಸು ಮುಂಚೆ ಹೋಗಿ ನೆರಳಿನ ಕಡೆ ಕೂಡೂ ಜಾಗಾ ಹಿಡೀರಿ. ಮಂಡಿನೋವಿಗೆ ಗಾಲಿಕುರ್ಚಿ ಕೇಳಾಕ ನಾಚ್ಕೋಬ್ಯಾಡ್ರಿ. ನಡಿಗಿ ಭಾಳ ಅದ, ಮಧ್ಯಾಹ್ನಕ್ಕ ಮಂಡಿ ಬಾತ್ರ ಸಂಜಿ ಹೋತು.

ಆದರ ನಿಮ್ಮ ಕೆಲಸಕ್ಕ ಎಲ್ಲಕ್ಕಿಂತ ಛಲೋದು ಅಲಿಬಾಬಾ ಔರ್ ಚಾಲೀಸ್ ಚೋರ್. ಗಾಡ್ಯಾಗ ಕೂತು ಗುರಿ ಇಟ್ಟು ಬಂದೂಕು ಹೊಡಿಯೂದು, ಅಂಕ ಬೀಳ್ತಾವ. ಅಜ್ಜ ಮೊಮ್ಮಗಳು ಒಂದ ಗಾಡ್ಯಾಗ ಕೂತು ಪೈಪೋಟಿ ಮಾಡ್ಲಿ. ಇಬ್ಬರದೂ ಹಬ್ಬ ಅಂದ್ರ ಇಬ್ಬರೂ ಕೂಡಿ ಆಡೂದು ಒಂದಾದ್ರೂ ಇರಬೇಕು, ಒಬ್ಬರದು ನೋಡಿ ಇನ್ನೊಬ್ಬರು ಚಪ್ಪಾಳಿ ತಟ್ಟೂದು ಹಬ್ಬ ಅಲ್ಲ.

ಹೊಟ್ಟಿ ವಿಷಯ. ಬರಿ ಹೊಟ್ಟೀಲೆ ಕೋಸ್ಟರ್ ಹತ್ತಬಾರದು, ವಾಂತಿ ಬೇಗ ಬರ್ತದ. ಎರಡು ಇಡ್ಲಿ, ಇಲ್ಲಾ ಒಂದು ತಾಟು ಅವಲಕ್ಕಿ, ಒಂದು ತಾಸು ಮುಂಚೆ. ಎಣ್ಣಿದು, ಹಾಲಿಂದು ಬ್ಯಾಡ. ಮಂದಿ ಕೋಸ್ಟರಿಗೆ ಅಂಜತಾರ, ಆದರ ಹೊಟ್ಟಿ ತೊಳಸೂದು ಪರದೆ ಮುಂದಿನ ರೈಡಿನ್ಯಾಗೇ ಹೆಚ್ಚು. ಕಣ್ಣು ಓಡಾಕತ್ತೀವಿ ಅಂತದ, ಕಿವಿಯೊಳಗಿನ ಸಮತೋಲ ಕೂತಲ್ಲೇ ಅದೀವಿ ಅಂತದ. ಅಲ್ಲಿ ತೊಳಸಿದ್ರ ಕಣ್ಣು ಮುಚ್ಚಿದ್ರ ಸಾಕು, ನಿಂತು ಬಿಡ್ತದ. ಕೋಸ್ಟರಿನ್ಯಾಗ ಮಾತ್ರ ಕಟ್ಟೆಯವರು ಹೇಳಿದಂಗ ಕಣ್ಣು ತೆರೆದೇ ಇರಬೇಕು. ಅವೋಮಿನ್ ಥರದ ಗುಳಿಗಿ ನಿದ್ದಿ ಬರಸ್ತಾವ, ಹಬ್ಬದ ದಿನ ಮಗು ತೂಕಡಿಸ್ತದ. ಮಗೂಗ, ಬಿಪಿ ಇದ್ದವರಿಗೆ ಡಾಕ್ಟರ್ ಕೇಳದ ಕೊಡಬ್ಯಾಡ್ರಿ.

ಕೇಕ್ ಒಳಗ ಒಯ್ಯೂ ಯೋಚನಿ ಬಿಡ್ರಿ. ಹೊರಗಿನ ತಿಂಡಿ, ಚಾಕು, ಮೇಣಬತ್ತಿ, ಬೆಂಕಿಪೊಟ್ಟಣ, ಢಮ್ ಅನ್ನೂ ಪಾಪರ್ ಯಾವೂ ಬ್ಯಾಗಿನ ತಪಾಸಣಿ ದಾಟಂಗಿಲ್ಲ. ಬೇಕಂದ್ರ ಪಾರ್ಕಿನವರ ಕಡೆನ ಮೊದಲ ಹೇಳಿ ರೆಸ್ಟೋರೆಂಟಿನ್ಯಾಗ ಮಾಡಸ್ರಿ, ಮಧ್ಯಾಹ್ನದ ಊಟದ ಹೊತ್ತಿಗೆ ಅಲ್ಲ, ನಾಲ್ಕರ ಸುಮಾರಿಗೆ. ಔಷಧ ಒಯ್ಯೂದಿದ್ರ ಚೀಟಿ ಜೊತಿಗಿರ್ಲಿ. ಹಿರಿಯರ ಟಿಕೆಟಿಗೆ ಅರವತ್ತು ತುಂಬಿದ್ದಕ್ಕ ಮೂಲ ಗುರುತಿನ ಚೀಟಿ ಬೇಕು, ಹಬ್ಬ ನಾಳೆ ಅದ ಅಂದ್ರ ನಡಿಯಂಗಿಲ್ಲ. ಹುಟ್ಟಿದ ತಾರೀಖು ದಾಟಿದ ಮ್ಯಾಲಿನ ದಿನಾನೇ ಇಟ್ಕೋರಿ.

ನಿಗಡಿ ನಿವಾಸಿ (ಪುಣೆ)

ಅಲಿಬಾಬಾ ಪೈಪೋಟಿ ಖಾಯಂ, ಅಪ್ಪ ಈಗಲೇ ತಯಾರು. ಇನ್ನೊಂದು ಕೇಳ್ತೀನಿ. ನೈಟ್ರೋದಲ್ಲಿ ತೆಗೆಯುವ ಫೋಟೋದಲ್ಲಿ ಮಗಳ ಎದೆ ಮೇಲೆ 10 ಕಾಣೋ ಹಾಗೆ ಟೀ ಶರ್ಟ್ ಮಾಡಿಸೋಣ ಅಂತ. ಅಲಿಬಾಬಾ ಹೊರಗೆ ಅಪ್ಪನಿಗೂ 60. ಬಿಳಿ ಬಟ್ಟೆ, ಕೆಂಪು ಅಂಕಿ ಸಾಕಾ?

ಕೋಸ್ಟರ್ ಕಟ್ಟೆ (ಠಾಣೆ)

ಅಪ್ಪನಿಗೆ ಟೀ ಶರ್ಟ್ ಸರಿ. ಮಗಳಿಗೆ ಆಗಲ್ಲ. ಹಾರ್ನೆಸ್ ಇಳಿದ ಮೇಲೆ ಎದೆ ಪೂರ್ತಿ ಮುಚ್ಚಿಹೋಗುತ್ತೆ, ಅಂಕಿಯ ಒಂದು ಕೊಂಕು ಕೂಡ ಕಾಣಲ್ಲ. ಕೈಯಲ್ಲಿ ರಟ್ಟು, ಬ್ಯಾನರ್ ಹಿಡಿಯೋಕೂ ಬಿಡಲ್ಲ, ಆ ವೇಗಕ್ಕೆ ಕಿತ್ತುಕೊಂಡು ಹೋಗಿ ಹಿಂದಿನವರ ಮುಖಕ್ಕೆ ಬಡಿಯುತ್ತೆ.

ಕೋಸ್ಟರ್ ಹುಚ್ಚಿನವರು ಐವತ್ತನೆಯದು, ನೂರನೆಯದು ಅಂತ ಲೆಕ್ಕ ಇಡುವಾಗ ಮಾಡೋದು ಬೇರೆ. ಅಂಗೈ ಮೇಲೆ ಅಂಕಿ ಬರೆದು ಎರಡೂ ಕೈ ಎತ್ತೋದು. ಎಡಬಲ ತಪ್ಪಬೇಡಿ. ಕ್ಯಾಮರಾ ಎದುರಿಂದ ನೋಡೋದರಿಂದ ಅವಳ ಬಲಗೈ ಫೋಟೋದ ಎಡಕ್ಕೆ ಬರುತ್ತೆ. ಆದ್ದರಿಂದ ಬಲ ಅಂಗೈಗೆ 1, ಎಡ ಅಂಗೈಗೆ 0. ಉಲ್ಟಾ ಬರೆದರೆ ಫೋಟೋದಲ್ಲಿ 01. ಮೊದಲು ಕೈ ತೊಳೆದು ಪೂರ್ತಿ ಒರೆಸಿ, ಕಪ್ಪು ಮಾರ್ಕರಿನಲ್ಲಿ ಅಂಗೈ ತುಂಬ ದಪ್ಪಗೆ ಬರೆಯಿರಿ, ಒಣಗೋಕೆ ಎರಡು ನಿಮಿಷ ಬಿಡಿ. ಕ್ಯೂನಲ್ಲಿ ನಿಂತು ಕೈ ಬೆವರಿದರೆ ಅಳಿಸಿಹೋಗುತ್ತೆ, ಹಾಗಾಗಿ ಸ್ಟೇಷನ್ನಿಗೆ ಇನ್ನು ಹತ್ತು ಜನ ಇದ್ದಾರೆ ಅನ್ನುವಾಗ ಬರೆಯೋದು ಸರಿ, ಮನೆಯಲ್ಲಲ್ಲ. ಮಾರ್ಕರು ಜಿಪ್ ಇರುವ ಜೇಬಿನಲ್ಲಿ.

ಕ್ಯಾಮರಾ ಎಲ್ಲಿದೆ ಅಂತ ತಿಳಿಯಬೇಕಾದರೆ ಮೊದಲು ಹೊರದಾರಿಯ ಫೋಟೋ ಕೌಂಟರಿಗೆ ಹೋಗಿ, ಅಲ್ಲಿನ ಪರದೆಯಲ್ಲಿ ಬರುವ ಬೇರೆಯವರ ಚಿತ್ರಗಳ ಹಿನ್ನೆಲೆ ನೋಡಿ. ಆಕಾಶವಾ, ಕಂಬವಾ, ಹಳಿ ಯಾವ ಕಡೆ ಬಾಗಿದೆ, ಅದರಿಂದ ಜಾಗ ಗೊತ್ತಾಗುತ್ತೆ. ಮೊದಲ ಸಲ ಬಹುತೇಕರು ಹಾರ್ನೆಸ್ ಗಟ್ಟಿ ಹಿಡಿದಿರುತ್ತಾರೆ, ಅಂಕಿ ಮುಷ್ಟಿಯೊಳಗೆ. ಅದಕ್ಕೇ ಹೇಳೋದು, ಫೋಟೋವನ್ನು ಎರಡನೇ ಸಲಕ್ಕೆ ಇಡಿ. ಮೊದಲ ಸಲ ಅವಳಿಗಾಗಿ ಮಾತ್ರ. ಇಳಿದು ಬಂದು ಇನ್ನೊಮ್ಮೆ ಅಂದರೆ ಮಾರ್ಕರ್ ತೆಗೆಯಿರಿ, ಸಾಕು ಅಂದರೆ ಅಷ್ಟಕ್ಕೇ ಬಿಡಿ.

ಅವಳು ಲೆಕ್ಕ ಇಡೋಕೆ ಶುರು ಮಾಡಬೇಕೆಂದರೆ ಇದೇ ದಿನ ಒಳ್ಳೆಯದು: ಗೋಲ್ಡ್ ರಷ್, ನೈಟ್ರೋ, ಡೀಪ್ ಸ್ಪೇಸ್, ಮೂರು. ಎಷ್ಟು ಸಲ ಹತ್ತಿದರೂ ಒಂದು ಕೋಸ್ಟರ್ ಒಂದೇ ಎಣಿಕೆ. ಡ್ರಾಪ್ ಟವರ್, ನೀರಿನ ದೋಣಿ ಲೆಕ್ಕಕ್ಕಿಲ್ಲ. ತಾರೀಖು, ಸಾಲು, ಜೊತೆಗೆ ಕೂತವರು ಇಷ್ಟು ಬರೆದಿಟ್ಟರೆ ಸಾಕು. ಎತ್ತರ, ವೇಗ, ಕಟ್ಟಿದವರು ಯಾರು ಅನ್ನೋದೆಲ್ಲ 1996ರಿಂದ ನಡೆಯುತ್ತಿರುವ ಆರ್‌ಸಿಡಿಬಿ (ರೋಲರ್ ಕೋಸ್ಟರ್ ಡೇಟಾಬೇಸ್) ತಾಣದಲ್ಲಿ ಸಿಗುತ್ತೆ.

ವಾಸ್ಕೊ ಬಂದರು (ಗೋವಾ)

ಕಟ್ಟೆಯವರ ಕ್ರಮಕ್ಕೆ ನನ್ನದೊಂದು ತಕರಾರು. ಮೊದಲು ಗೋಲ್ಡ್ ರಷ್ ಅಂದರೆ, ಗೇಟು ತೆರೆದ ಮೊದಲ ಅರ್ಧ ಗಂಟೆ ಅಲ್ಲೇ ಕಳೆಯುತ್ತೆ. ಅಷ್ಟರಲ್ಲಿ ಶಾಲೆಯ ಮಕ್ಕಳೆಲ್ಲ ನೈಟ್ರೋ ಮುಂದೆ. ಎತ್ತರವೂ ಬೆಳಿಗ್ಗೆಯೇ ಹೆಚ್ಚು ಅಂತ ಅವರೇ ಹೇಳಿದ್ದಾರೆ. ಮಗು ಅಪ್ಪು ಘರ್‌ನಲ್ಲಿ ಅಭ್ಯಾಸ ಮಾಡಿ ಬಂದಿದ್ದರೆ ನೇರ ನೈಟ್ರೋಗೇ ಹೋಗಲಿ. ಇನ್ನೊಂದು ಲಾಭ ಇದೆ. ಬೆಳಿಗ್ಗೆ ಚಕ್ರದ ರಬ್ಬರು, ಬೇರಿಂಗಿನ ಗ್ರೀಸು ತಣ್ಣಗಿರುತ್ತೆ, ರೈಲು ತುಸು ನಿಧಾನ. ಮಧ್ಯಾಹ್ನ ಕಾದ ಮೇಲೆ ಅದೇ ಹಳಿಯಲ್ಲಿ ಅದೇ ರೈಲು ಬಿರುಸಾಗುತ್ತೆ. ಮೊದಲ ಸಲಕ್ಕೆ ಬೆಳಗಿನ ಓಟ, ಫೋಟೋದ ಎರಡನೇ ಸಲಕ್ಕೆ ಮಧ್ಯಾಹ್ನದ ಓಟ.

ಜೊತೆಗೆ, ನೈಟ್ರೋ ಬೆಳಿಗ್ಗೆ ಯಾವುದೋ ತಾಂತ್ರಿಕ ಕಾರಣಕ್ಕೆ ನಿಂತಿದ್ದರೆ ಸಂಜೆಯವರೆಗೆ ಇನ್ನೊಂದು ಅವಕಾಶ ಉಳಿದಿರುತ್ತೆ. ಸಂಜೆಗೆ ಎತ್ತಿಟ್ಟು ಆಗ ನಿಂತರೆ ದಿನವೇ ಹೋಯಿತು.

ಇದನ್ನು ಓದುವ ಬೇರೆಯವರಿಗೆ: ಇದೇ ಯೋಜನೆಯನ್ನು ಜೂನ್‌ನಿಂದ ಸೆಪ್ಟೆಂಬರಿನಲ್ಲಿ ಇಡಬೇಡಿ. ಸಹ್ಯಾದ್ರಿಯ ಬುಡದ ಮಳೆ ಹೇಗೆ ಅಂತ ನಮಗೆಲ್ಲ ಗೊತ್ತು. ಮಿಂಚು ಬಂದರೆ ಹೊರಾಂಗಣದ ಎತ್ತರದ ರೈಡು ನಿಲ್ಲಿಸಲೇಬೇಕು. ಬರೀ ತುಂತುರಿನಲ್ಲಿ ಓಡಿಸಿದರೂ 105ರ ವೇಗದಲ್ಲಿ ಹನಿ ಮುಖಕ್ಕೆ ಸೂಜಿಯ ಹಾಗೆ ಚುಚ್ಚುತ್ತೆ. ಗೋವಾ, ಕಾರವಾರದ ಕಡೆಯಿಂದ ಬರುವವರು ರಾತ್ರಿಯ ಕೊಂಕಣ ಕನ್ಯಾದಲ್ಲಿ ಪನ್ವೇಲ್‌ನಲ್ಲಿ ಇಳಿದುಕೊಳ್ಳಿ, ಮುಂಬಯಿವರೆಗೆ ಹೋಗಿ ತಿರುಗಿ ಬರಬೇಕಿಲ್ಲ. ಆದರೆ ಗಾಡಿ ನಸುಕಿನಲ್ಲೇ ಮುಟ್ಟಿಬಿಡುತ್ತೆ, ಹಿರಿಯರಿದ್ದರೆ ಪನ್ವೇಲಿನಲ್ಲಿ ಒಂದು ರೂಮು ಹಿಡಿದು ಸ್ನಾನ, ತಿಂಡಿ ಮುಗಿಸಿ ಹೊರಡಿ.

ಪಕ್ಕದ ವಾಟರ್ ಪಾರ್ಕನ್ನು ಅದೇ ದಿನಕ್ಕೆ ಸೇರಿಸಬೇಡಿ. ನೀರಿಗೆ ನೈಲಾನ್ ಬಟ್ಟೆಯೇ ಆಗಬೇಕು, ಹತ್ತಿಯ ನೂಲು, ಬಣ್ಣ ಬಿಟ್ಟು ಫಿಲ್ಟರ್ ಕಟ್ಟಿಕೊಳ್ಳುತ್ತೆ ಅಂತ ಸೀರೆ, ಚೂಡಿದಾರದಲ್ಲಿ ಇಳಿಯೋಕೆ ಬಿಡಲ್ಲ. ಬದಲಾಯಿಸೋದು, ಲಾಕರು, ಒದ್ದೆ ಕೂದಲು, ಎರಡು ಗಂಟೆ ಅದರಲ್ಲೇ ಹೋಗುತ್ತೆ. ಇಮ್ಯಾಜಿಕಾದ ರಾಜಾಸಾರಸ್ ಅನ್ನೋ ದೋಣಿ ರೈಡೂ ನೆನೆಸುತ್ತೆ, ಅದನ್ನು ಫೋಟೋ ಎಲ್ಲ ಮುಗಿದ ಮೇಲೆ, ಬಿಸಿಲು ಇರುವಾಗಲೇ ಹತ್ತಿ. ಡಿಸೆಂಬರಿನಲ್ಲಿ ಸೂರ್ಯ ಮುಳುಗಿದ ಮೇಲೆ ಅಲ್ಲಿ ಚಳಿ.

ಕೋಸ್ಟರ್ ಕಟ್ಟೆ (ಠಾಣೆ)

ಬಂದರಿನವರ ಮಾತು ಒಪ್ಪಿದೆ, ಅಪ್ಪು ಘರ್ ಅಭ್ಯಾಸ ಆಗಿದ್ದರೆ ನೈಟ್ರೋ ಮೊದಲು. ಆಗಿಲ್ಲದಿದ್ದರೆ ಗೋಲ್ಡ್ ರಷ್ ಬಿಡಬೇಡಿ.

ಅಜ್ಜ ಅಜ್ಜಿಯನ್ನು ಆ ಹೊತ್ತಿಗೆ ಹೊರದಾರಿಯ ಬಳಿ ನಿಲ್ಲಿಸಿ, ಒಳದಾರಿಯಲ್ಲಲ್ಲ. ಮಗು ಇಳಿದು ಬರುವಾಗ ಮೊದಲು ಕಾಣಬೇಕಾದವರು ಅವರು. ಬ್ಯಾಗು, ಕನ್ನಡಕ, ಫೋನು ಎಲ್ಲ ಅವರ ಕೈಗೆ ಬೇಡ, ಲಾಕರಿಗೆ ಹಾಕಿ. ಆಗ ಅವರ ಎರಡೂ ಕೈ ಖಾಲಿ ಇರುತ್ತೆ.

ನಿಗಡಿ ನಿವಾಸಿ (ಪುಣೆ)

ಫೋನ್ ಮಾಡಿದೆ. ನಾವು ಅಂದುಕೊಂಡ ಬುಧವಾರ ಶಾಲೆಗಳ ದೊಡ್ಡ ಬುಕ್ಕಿಂಗ್ ಇದೆಯಂತೆ, ಹಿಂದಿನ ದಿನ ಕಡಿಮೆ. ಮಂಗಳವಾರಕ್ಕೆ ಬದಲಾಯಿಸುತ್ತಿದ್ದೇವೆ. ನೈಟ್ರೋ ಆ ವಾರ ಓಡುತ್ತೆ ಅಂದರು. ಬೆಳಿಗ್ಗೆ ಗೋಡೆಗೆ ನಿಲ್ಲಿಸಿ ಅಳೆದೆ, ಗೆರೆಗಿಂತ ಮೂರು ಮಿಲಿಮೀಟರ್ ಮೇಲೆ. ಈ ಭಾನುವಾರ ಅಪ್ಪು ಘರ್.